ಉಡಿಯ ಬೆಲ್ಲ

ನಗುವ ಸೂರ್ಯನ ಚಿತ್ರವಿರುವ ಆ ಪುಸ್ತಕವನ್ನು ಬಿಸಾಡಬೇಕೆಂದು ಎಷ್ಟು ಸಲ ಕೈಗೆತ್ತಿಕೊಂಡಿದ್ದೇನೋ ನೆನಪಿಲ್ಲ. ಪ್ರತಿ ಸಲವೂ ಮನಸ್ಸಿನಲ್ಲೇ ನಾಲ್ಕು ಬೈದು, ಮತ್ತೆ ಕಪಾಟಿನ ಮೇಲೆ ಒಗೆದು ಬಂದಿದ್ದೇನೆ. ಮಹಾಪೂರ ಕಂಡು ಬೆದರಿದ ಮಕ್ಕಳ ಮನಸ್ಸನ್ನು ಹದಕ್ಕೆ ತರುವುದು ಹೇಗೆಂದು ಹೇಳಿಕೊಡುವ ಪುಸ್ತಕ ಅದು. ಅದರ ಮೇಲಿನ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದೇ ಎಂಬುದು ನನಗೆ ಗೊತ್ತಿದೆ. ಉಳಿದರ್ಧವನ್ನು ಮಾತ್ರ ನಾನು ಬಿಡುವವಳಲ್ಲ.

ನಾನು ಸಾಂಗ್ಲಿಯ ಒಂದು ಮರಾಠಿ ಶಾಲೆಯಲ್ಲಿ ಮೂರನೆಯ ಇಯತ್ತೆಗೆ ಕಲಿಸುವವಳು. ಮನೆ ಮಿರಜಿನಲ್ಲಿ, ತವರು ಮಾಲಗಾಂವದಲ್ಲಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ನಮ್ಮ ಕಡೆಯ ಜೈನರ ಮನೆಗಳಲ್ಲಿ ಇದನ್ನು ಯಾರೂ ಕೂಡಿಸಿ ಹೇಳಿಕೊಡುವುದಿಲ್ಲ. ಚಪ್ಪಲಿ ಹೊರಗೆ ಬಿಡಬೇಕೆಂದು ತಿಳಿಯುವ ಹಾಗೆ ಮಕ್ಕಳಿಗೆ ತಾನಾಗಿ ತಿಳಿದುಬಿಡುತ್ತದೆ. ಇಷ್ಟು ವರ್ಷದ ನೌಕರಿಯಲ್ಲಿ ಶಾಲೆಯೊಳಗೆ ನಾನು ಒಂದು ಕನ್ನಡ ಮಾತು ಆಡಿದವಳಲ್ಲ.

ಆ ವರ್ಷ ಶ್ರಾವಣದಲ್ಲಿ ಕೃಷ್ಣೆ ಊರೊಳಗೆ ಬಂದಳು. ಹೊಳೆಯ ಪಕ್ಕದ ಓಣಿಗಳಲ್ಲಿ ಬಾಗಿಲು ಮುಳುಗುವಷ್ಟು ನೀರು. ನೀರು ಇಳಿದು, ಕೆಸರು ಬಳಿದು ಹಾಕಿ, ಶಾಲೆ ಮತ್ತೆ ಶುರುವಾದಾಗ ನನ್ನ ವರ್ಗದ ಮಕ್ಕಳು ಮೊದಲಿನ ಮಕ್ಕಳಾಗಿ ಉಳಿದಿರಲಿಲ್ಲ. ಮೋಡ ಕವಿದರೆ ಸಾಕು, ಒಬ್ಬ ಚೀಲ ತಲೆಯ ಮೇಲಿಟ್ಟುಕೊಂಡು ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ. ಇನ್ನೊಬ್ಬಳಿಗೆ ಮಾತೇ ನಿಂತಿತ್ತು. ಆಗ ಮೇಲಿನಿಂದ ಒಂದು ಯೋಜನೆ ಬಂತು. ನಮ್ಮಂಥ ಕೆಲವು ಶಿಕ್ಷಕಿಯರನ್ನು ಒಂದು ಹಾಲಿನಲ್ಲಿ ಎರಡು ದಿನ ಕೂಡಿಸಿ, ಚಹಾ ಬಿಸ್ಕೀಟು ಕೊಟ್ಟು, ಸಿಬಿಟಿ ಎಂಬ ಚಿಕಿತ್ಸೆ ಕಲಿಸಿದರು. ಎರಡು ದಿನದಲ್ಲಿ ಹೋಳಿಗೆ ಮಾಡುವುದೂ ಬರುವುದಿಲ್ಲ. ನಾವು ಮನಸ್ಸು ರಿಪೇರಿ ಮಾಡಲು ಹೊರಟೆವು.

ವಿದ್ಯೆ ಮಾತ್ರ ಕೆಟ್ಟದ್ದಲ್ಲ, ಅದನ್ನು ಒಪ್ಪಲೇಬೇಕು. ಮೊದಲು ಮಗುವಿನ ತಲೆಯಲ್ಲಿ ಕೂತಿರುವ ಆಲೋಚನೆ ಯಾವುದೆಂದು ಕೇಳಿ ತಿಳಿಯಬೇಕು. ಅದು ನಿಜವೋ ಸುಳ್ಳೋ ಎಂದು ಮಗುವಿನ ಜೊತೆ ಕೂತು ಪರೀಕ್ಷಿಸಬೇಕು. ಆಮೇಲೆ ಭಯವನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸಲು ಕಲಿಸಬೇಕು. ಭಯ ಎಷ್ಟಿದೆ ಎಂದು ಮಗು ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಹೇಳಬೇಕು. ಇದಕ್ಕೊಂದು ಹಾಳೆ. ಹಾಳೆಯಲ್ಲಿ 'ಭಯ ಯಾವುದರದ್ದು' ಎಂಬ ಚೌಕದ ಮನೆ. ನಮ್ಮ ಮೇಲ್ವಿಚಾರಕ ಸಾಹೇಬರು ಹೊರಗಿನ ಊರಿನವರು, ಅವಸರದವರು. "ಮಹಾಪೂರದ ಮಕ್ಕಳಿಗೆ ಇನ್ಯಾವ ಭಯ ಇರುತ್ತದೆ? ನೀರು ಎಂದು ಬರೆದುಬಿಡಿ" ಎಂದು ಮರಾಠಿಯಲ್ಲಿ ಹೇಳಿದರು. ನಾನು ಒಂದು ಮಧ್ಯಾಹ್ನ ಕೂತು ಎಲ್ಲ ಮಕ್ಕಳ ಹಾಳೆಗಳಲ್ಲೂ 'ನೀರು' ಎಂದು ದುಂಡಗೆ ಬರೆದು ಮುಗಿಸಿದೆ. ಒಂದು ಮಗುವನ್ನೂ ಕೇಳಲಿಲ್ಲ. ನನ್ನ ಅಕ್ಷರ ಚೆನ್ನಾಗಿದೆ ಎಂದು ಸಾಹೇಬರು ಹೊಗಳಿದರು, ನಾನೂ ಬೀಗಿದೆ.

ಆ ಮಕ್ಕಳಲ್ಲಿ ಎಂಟು ವರ್ಷದ ಒಬ್ಬ ಹುಡುಗಿ. ಅವಳ ಅವ್ವ ಬಿಜಾಪುರದ ಕಡೆಯವಳು, ಅರಿಷಿಣದ ಗೋದಾಮಿನಲ್ಲಿ ಕೊಂಬು ಆರಿಸುವ ಕೆಲಸ. ಗಂಡ ಗೋಡೆ ಕಟ್ಟುವ ಗೌಂಡಿ, ಕೆಲಸ ಸಿಕ್ಕ ಊರಿಗೆ ಹೋದವನು ತಿಂಗಳುಗಟ್ಟಲೆ ಬರುವುದಿಲ್ಲ. ಮಹಾಪೂರದ ನಂತರ ಈ ಹುಡುಗಿ ಅವ್ವನ ಸೆರಗು ಬಿಡುತ್ತಿರಲಿಲ್ಲ. ಬಿಡುತ್ತಿರಲಿಲ್ಲ ಎಂದರೆ ಬಚ್ಚಲಿಗೆ ಹೋದರೂ ಬಾಗಿಲ ಸಂದಿಯಿಂದ ಸೆರಗಿನ ತುದಿ ಹಿಡಿದು ಹೊರಗೆ ಕೂಡುವಷ್ಟು. ಅವ್ವ ಅವಳನ್ನು ಶಾಲೆಯಲ್ಲಿ ಬಿಟ್ಟು ಹೋದ ದಿನ ಕಿರುಚಿ ಕಿರುಚಿ ಗಂಟಲು ಕಟ್ಟಿಸಿಕೊಳ್ಳುತ್ತಿದ್ದಳು. ಗೋದಾಮಿಗೆ ಕರೆದುಕೊಂಡು ಹೋದರೆ ಕೆಲಸ ಮಾಡಿಸುವ ಮುಕಾದಮ ಬೈಯುತ್ತಿದ್ದ.

"ದೀಪಾವಳಿತನಾ ನೋಡ್ತೇನ್ರಿ ಮೇಡಮ್," ಎಂದು ಅವ್ವ ನನಗೆ ಹೇಳಿದಳು. "ಹುಡುಗಿ ಹಾದಿಗೆ ಬರಲಿಲ್ಲಂದ್ರ ಊರಾಗ ನಮ್ಮವ್ವನ ಕಡೆ ಬಿಟ್ಟ ಬರ್ತೇನಿ. ಆಡು ಕಾಯ್ಕೊಂಡ ಇರ್ತಾಳ."

ಶಾಲೆ ಅಲ್ಲಿಗೆ ಮುಗಿಯಿತು ಎಂದು ಇಬ್ಬರಿಗೂ ಗೊತ್ತಿತ್ತು. ಅವ್ವ ಹೇಳಿದ್ದು ಕನ್ನಡದಲ್ಲಿ, ನಾನು ಉತ್ತರಿಸಿದ್ದು ಮರಾಠಿಯಲ್ಲಿ. ದೀಪಾವಳಿಯೊಳಗೆ ಸರಿಮಾಡುತ್ತೇನೆ ಎಂದು ದೊಡ್ಡದಾಗಿ ಮಾತು ಕೊಟ್ಟೆ.

ಮೆಟ್ಟಿಲು ಹತ್ತಿಸಲು ಶುರುಮಾಡಿದೆ. ಮೊದಲು ಹೊಳೆಯ ಚಿತ್ರ ನೋಡುವುದು, ಆಮೇಲೆ ಬಕೀಟಿನ ನೀರಿನಲ್ಲಿ ಕೈ ಅದ್ದುವುದು, ಆಮೇಲೆ ಸೇತುವೆಯ ಮೇಲೆ ನಿಂತು ಕೆಳಗೆ ನೋಡುವುದು. ಅವ್ವ ಪಕ್ಕದಲ್ಲಿದ್ದರೆ ಸಾಕು, ಹುಡುಗಿ ಹೇಳಿದ್ದನ್ನೆಲ್ಲ ಮಾಡಿದಳು. ಭಯ ಎಷ್ಟು ಎಂದು ಮರಾಠಿಯಲ್ಲಿ ಕೇಳಿದರೆ ಮೊದಲ ವಾರ ಎಂಟು ಎಂದಳು, ಆಮೇಲೆ ಆರು, ಆಮೇಲೆ ನಾಲ್ಕು. ನನ್ನ ಮುಖ ನೋಡಿ ಅಂಕಿ ಇಳಿಸುತ್ತಿದ್ದಳು ಎಂಬುದು ನನ್ನ ದಡ್ಡ ತಲೆಗೆ ಹೊಳೆಯಲಿಲ್ಲ. ಬೇಕಾದ ಉತ್ತರ ಯಾವುದೆಂದು ಮೇಡಮ್ಮನ ಹುಬ್ಬು ನೋಡಿ ಕಂಡುಹಿಡಿಯುವುದೇ ಅಲ್ಲವೇ ನಾವು ಮಕ್ಕಳಿಗೆ ಶಾಲೆಯಲ್ಲಿ ಕಲಿಸುವುದು? ಸೆರಗು ಮಾತ್ರ ಅವಳ ಕೈಯಲ್ಲಿ ಇದ್ದೇ ಇತ್ತು. ಅದನ್ನು ಬರೆಯಲು ಹಾಳೆಯಲ್ಲಿ ಮನೆ ಇರಲಿಲ್ಲ.

ಕೊನೆಯ ಮೆಟ್ಟಿಲಿಗೆ ನನಗೊಂದು ಮಹಾ ಉಪಾಯ ಹೊಳೆಯಿತು. ಹೊಳೆಯ ನೀರು ಏರಿ ಓಣಿಯ ಬಾಯಿಗೆ ಬಂದಾಗ ಇಲ್ಲಿಯ ಹೆಂಗಸರು ಕೃಷ್ಣೆಗೆ ಉಡಿ ತುಂಬುತ್ತಾರೆ. ತವರಿಗೆ ಬಂದ ಮಗಳಿಗೆ ಹೇಗೋ ಹಾಗೆ: ಕುಬಸದ ಖಣ, ತೆಂಗಿನಕಾಯಿ, ಅಕ್ಕಿ, ಅರಿಷಿಣದ ಕೊಂಬು, ಉತ್ತತ್ತಿ, ಒಂದು ಬೆಲ್ಲದ ಹೆಂಟೆ. ಕೃಷ್ಣಾಮಾಯಿ ಬಂದಳು, ಉಡಿ ಇಸಿದುಕೊಂಡಳು, ಸಮಾಧಾನದಿಂದ ಹಿಂದಕ್ಕೆ ಹೋಗುತ್ತಾಳೆ ಎಂಬ ನಂಬಿಕೆ. ನಮ್ಮ ಮನೆಯಲ್ಲಿ ಹೊಳೆಗೆ ಉಡಿ ತುಂಬುವ ರೂಢಿಯಿಲ್ಲ, ಆದರೂ ಬಾಲ್ಯದಿಂದ ನೋಡಿದ್ದೇನೆ. ಈ ಹುಡುಗಿಯ ಕೈಯಿಂದಲೇ ಹೊಳೆದಂಡೆಯ ಘಾಟಿನಲ್ಲಿ ಉಡಿ ಕೊಡಿಸಿದರೆ ಹೊಳೆಯ ಜೊತೆ ರಾಜಿಯಾದಂತಾಗುತ್ತದೆ ಎಂದುಕೊಂಡೆ. ಸಾಹೇಬರು ಹಿಗ್ಗಿದರು. ಫೋಟೋ ತೆಗೆಸಿರಿ, ವರದಿಯಲ್ಲಿ ಹಾಕೋಣ ಎಂದರು.

ದಸರೆ ಮುಗಿದ ವಾರ, ಬೆಳಿಗ್ಗೆ, ಹೊಳೆ ಕೆಳಗೆ ಸಪ್ಪಗೆ ಹರಿಯುತ್ತಿತ್ತು. ಓಣಿಯ ನಾಲ್ಕೈದು ಹೆಂಗಸರು ಬಂದರು. ಅವರಲ್ಲಿ ಮುಂದಾಳು ಪಕ್ಕದ ಮನೆಯ ಮುದುಕಿ; ಎಲ್ಲರೂ ಅವಳನ್ನು ಕಾಕೂ ಎನ್ನುತ್ತಾರೆ. ಹುಡುಗಿ ಅವ್ವನ ಸೆರಗು ಹಿಡಿದು ಮೆಟ್ಟಿಲಿಳಿದಳು. ನೀರಿಗೆ ಕಾಲು ತಾಗಿಸಿದಳು, ಏನೂ ಆಗಲಿಲ್ಲ. ನಾನು ತಟ್ಟೆಯನ್ನು ಅವಳ ಎರಡೂ ಕೈಗೆ ಕೊಟ್ಟೆ. ಅವಳು ತಟ್ಟೆಯೊಳಗೆ ನೋಡಿದಳು. ನಿಂತಲ್ಲೇ ಉಚ್ಚೆ ಹೊಯ್ದುಕೊಂಡಳು. ತಟ್ಟೆ ಜಾರಿ, ತೆಂಗಿನಕಾಯಿ ಮೆಟ್ಟಿಲ ಮೇಲೆ ಉರುಳಿ ಹೋಯಿತು, ಅವಳು ಅವ್ವನ ಸೊಂಟಕ್ಕೆ ಜೋತುಬಿದ್ದು ಮೇಲಕ್ಕೆ ಎಳೆಯತೊಡಗಿದಳು. ಹೆಂಗಸರು ಅಪಶಕುನ ಎಂದು ಗೊಣಗಿದರು.

"ಸಾಕ್ರಿ ಮೇಡಮ್," ಎಂದಳು ಅವ್ವ, ನನ್ನ ಮುಖ ನೋಡದೆ. "ನಿಮ್ಮ ಉಪಕಾರ ಆತು. ನಾ ಊರಿಗೆ ಬಿಟ್ಟ ಬರ್ತೇನಿ."

ಮಿರಜಿನ ಬಸ್ಸಿನಲ್ಲಿ ಕೂತಾಗ ಮೈಯೆಲ್ಲ ಉರಿಯುತ್ತಿತ್ತು. ಸಾಹೇಬರ ಮೇಲೆ ಸಿಟ್ಟು, ಪುಸ್ತಕದ ಮೇಲೆ ಸಿಟ್ಟು, ಕೊನೆಗೆ ಆ ಹುಡುಗಿಯ ಮೇಲೂ ಸಿಟ್ಟು. ಇಷ್ಟೆಲ್ಲ ಮಾಡಿದರೂ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತಲ್ಲ ಎಂದು. ಆಮೇಲೆ ಒಂದು ಮಾತು ಹೊಳೆಯಿತು: ನೀರಿಗೆ ಕಾಲಿಟ್ಟಾಗ ಆ ಮಗು ಹೆದರಲಿಲ್ಲ. ಹೆದರಿದ್ದು ತಟ್ಟೆ ನೋಡಿ.

ಮರುದಿನ ಶಾಲೆ ಬಿಟ್ಟ ಮೇಲೆ, ಪುಸ್ತಕ ಹಾಳೆ ಎಲ್ಲ ಬಿಟ್ಟು, ಅರಿಷಿಣದ ಗೋದಾಮಿಗೆ ಹೋದೆ. ಒಳಗೆ ಹೆಂಗಸರು ಸಾಲಾಗಿ ಕೂತು ಕೊಂಬು ಆರಿಸುತ್ತಿದ್ದರು, ಎಲ್ಲರ ಕೈ, ರೆಪ್ಪೆ, ಸೀರೆ ಹಳದಿ. ಹುಡುಗಿ ಅವ್ವನ ಬೆನ್ನಿಗೆ ಬೆನ್ನು ಹಚ್ಚಿ ಕೂತಿದ್ದಳು. ನಾನು ಪಕ್ಕದ ಚೀಲದ ಮೇಲೆ ಕೂತೆ. ಏನು ಹೇಳಬೇಕೆಂದು ತಿಳಿಯದೆ, ಮಾಲಗಾಂವದಲ್ಲಿ ನನ್ನ ತಂಗಿಯ ಮಗಳಿಗೆ ಹೇಳುವ ಹಾಗೆ ಹೇಳಿಬಿಟ್ಟೆ: "ನಾ ನಿನ್ನೆ ತಪ್ಪ ಮಾಡಿದ್ನವ್ವಾ. ನಿನಗ ಏನ ಅಂಜಿಕಿ ಐತಿ ಅಂತ ಒಂದ ದಿನಾನೂ ಕೇಳಲಿಲ್ಲ."

ಅವಳು ತಿರುಗಿ ನನ್ನ ಬಾಯಿ ನೋಡಿದಳು. "ಮೇಡಮ್, ನಿಮಗ ನಮ್ಮ ಮಾತ ಆಡಾಕ ಬರ್ತಾವ?"

"ನನ್ನವೂ ಇವ ಮಾತ."

"ಮತ್ತ ಯಾಕ ಆಡಲಿಲ್ಲ?"

ನಾನು ಅವ್ವನ ಮುಂದಿನ ರಾಶಿಯಿಂದ ಕೊಂಬು ಆರಿಸತೊಡಗಿದೆ. ಸ್ವಲ್ಪ ಹೊತ್ತಿಗೆ ಅವಳು ನನ್ನ ಕಿವಿಯ ಹತ್ತಿರ ಬಂದು, ಅವ್ವನಿಗೆ ಕೇಳಿಸದ ಹಾಗೆ ಹೇಳಿದಳು. ನೀರು ಓಣಿಗೆ ಬಂದ ದಿನ ಬೆಳಗಿನಿಂದ ಯಾರ ಮನೆಯಲ್ಲೂ ಒಲೆ ಹೊತ್ತಿಸಿರಲಿಲ್ಲ, ಎಲ್ಲರೂ ಗಂಟು ಕಟ್ಟುತ್ತಿದ್ದರು. ಹೆಂಗಸರು ಉಡಿಯ ತಟ್ಟೆಯನ್ನು ಹಿಡಿದುಕೋ ಎಂದು ಇವಳ ಕೈಗೆ ಕೊಟ್ಟು ಕುಂಕುಮ ತರಲು ಹೋದರು. ಇವಳು ಬೆಲ್ಲ ತಿಂದಳು. ಅಷ್ಟೂ ಬೆಲ್ಲ. ಸಂಜೆಯ ಹೊತ್ತಿಗೆ ನೀರು ಮನೆಯೊಳಗಿತ್ತು, ಕಾಕೂನ ಆಡು ಸತ್ತಿತ್ತು. ನಿರಾಶ್ರಿತರನ್ನು ಇಟ್ಟಿದ್ದ ಶಾಲೆಯಲ್ಲಿ ಹೆಂಗಸರೆಲ್ಲ ಅದೇ ಮಾತು: ಉಡಿಯೊಳಗ ಏನೋ ಕಮ್ಮಿ ಬಿತ್ತು, ಅದಕ್ಕ ಮಾಯಿ ಸಿಟ್ಟಾದ್ಲು. ಏನು ಕಮ್ಮಿ ಬಿದ್ದಿದೆ ಎಂದು ಅಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು.

"ಈಗ ಮಾಯಿ ನಮ್ಮವ್ವನ್ನ ಒಯ್ತಾಳ್ರಿ," ಎಂದಳು. "ಬೆಲ್ಲದ ಬದ್ಲಿ. ಅದಕ್ಕ ನಾ ಹಿಡಕೊಂಡಿರ್ತೇನಿ."

ಆ ಹುಡುಗಿಯ ಕೈಗೆ ಅದೇ ತಟ್ಟೆಯನ್ನು, ಅದೇ ಬೆಲ್ಲದ ಜೊತೆ, ಫೋಟೋಕ್ಕೆಂದು ಕೊಟ್ಟವಳು ನಾನು.

ತಿಳಿಹೇಳಲು ಹೋದೆ. ಘಟ್ಟದಲ್ಲಿ ಮಳೆ ಬಿತ್ತು, ಆಣೆಕಟ್ಟು ತುಂಬಿತು, ನೀರು ಬಿಟ್ಟರು, ಇಲ್ಲಿಗೆ ಬಂತು, ನಿನ್ನ ಬೆಲ್ಲಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಮಳಿ ದರ ವರ್ಷ ಆಗ್ತೇತ್ರಿ. ಈ ವರ್ಷ ಅಷ್ಟ ಯಾಕ ಒಳಗ ಬಂದ್ಲು?"

ಪುಸ್ತಕದಲ್ಲಿ ಇದಕ್ಕೆ ಉತ್ತರ ಇದ್ದಿರಬಹುದು. ನನಗೆ ಸಿಟ್ಟು ಬಂತು, ಈ ಸಲ ಆ ಹೆಂಗಸರ ಮೇಲೆ. ಬಾಯಿಗೆ ಬಂದದ್ದು ಆಡಿ ಒಂದು ಮಗುವಿನ ತಲೆಯ ಮೇಲೆ ಇಡೀ ಹೊಳೆಯನ್ನು ಹೊರಿಸಿದ್ದಾರಲ್ಲ ಎಂದು. ನಿನ್ನ ಮಾತು ಯಾರಿಗೂ ಹೇಳುವುದಿಲ್ಲ, ಆದರೆ ಅವರನ್ನು ಒಂದು ಮಾತು ಕೇಳಲೇ ಎಂದು ಹುಡುಗಿಯನ್ನು ಕೇಳಿದೆ. ಅವಳು ಅವ್ವನ ಕಡೆ ಒಮ್ಮೆ ನೋಡಿ ಹೂಂ ಎಂದಳು.

ರವಿವಾರ ಕಾಕೂನ ಕಟ್ಟೆಯ ಮೇಲೆ ಆ ಹೆಂಗಸರನ್ನೆಲ್ಲ ಕೂಡಿಸಿದೆ, ಅವರ ಮನೆಮಾತೂ ಕನ್ನಡವೇ. ಹುಡುಗಿ ಅವ್ವನ ಬೆನ್ನ ಹಿಂದೆ. "ಆವತ್ತ ಮಾಯಿಗೆ ತುಂಬಿದ ಉಡಿಯೊಳಗ ಯಾರ್ಯಾರು ಏನೇನ ಇಟ್ಟಿದ್ರಿ?" ಎಂದು ಕೇಳಿದೆ. ಒಬ್ಬಳು ಹೊಸ ಖಣ ಎಂದಳು, ಕಾಕೂ ಒಳ್ಳೆ ದಪ್ಪ ಕಾಯಿ ಎಂದಳು. ಎಲ್ಲರೂ ಮಾಯಿಗೆ ಮನೆಯ ಬಂಗಾರವನ್ನೇ ಕೊಟ್ಟವರಂತೆ ಕೂತಿದ್ದರು.

"ಸುಳ್ಳ ಹೇಳಬ್ಯಾಡ್ರಿ," ಎಂದೆ. "ನನಗ ಬಂದ ಖಣ ಒಂದೂ ನಾ ಹೊಲಿಸಿಲ್ಲ. ಟ್ರಂಕಿನ್ಯಾಗ ಇಡ್ತೇನಿ, ಇನ್ನೊಬ್ಬರ ಉಡಿಗೆ ಹಾಕ್ತೇನಿ. ಒಂದ ಖಣ ನಾಲ್ಕ ಮನಿ ತಿರುಗಿ ಮತ್ತ ನನ್ನ ಉಡಿಗೇ ಬಂದೇತಿ. ನೀವೇನ ನನಗಿಂತ ದೊಡ್ಡ ದಾನಿಗಳೇನು?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಒಬ್ಬಳು ಕಿಸಕ್ಕೆಂದು ನಕ್ಕಳು. ಎಲ್ಲ ಬಿಚ್ಚಿಕೊಂಡಿತು. ಹೊಸ ಖಣ ಅಂದವಳದ್ದು ನಾದಿನಿಯ ಮದುವೆಯಲ್ಲಿ ಬಂದ, ತೂತು ಬಿದ್ದ ಖಣ. ತೂತು ಒಳಗೆ ಮಾಡಿ ಮಡಚಿದ್ದಳಂತೆ. ಇನ್ನೊಬ್ಬಳು ಅಕ್ಕಿ ಎಂದು ಹಾಕಿದ್ದು ನುಚ್ಚು. ಹುಡುಗಿಯ ಅವ್ವ ಅರಿಷಿಣದ ಕೊಂಬು ಇಟ್ಟಿದ್ದಳು, ಗೋದಾಮಿನಲ್ಲಿ ಹುಳ ಹಿಡಿದು ಬೇರೆ ತೆಗೆದದ್ದು. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಎಂದರೆ ಇದೇ. ಕಾಕೂ ಕೊನೆಗೆ ಬಾಯಿ ಬಿಟ್ಟಳು.

"ಕಾಯಿ ಅಲ್ಲಾಡಿಸಿ ನೋಡಿದ್ನಿ. ನೀರ ಇದ್ದಿದ್ದಿಲ್ಲ. ಕೆಟ್ಟ ಕಾಯಿ ಅಂತ ಗೊತ್ತಿದ್ದ ಇಟ್ನಿ. ಛಲೋ ಕಾಯಿ ಚಟ್ನಿಗೆ ಇರ್ಲಿ ಅಂತ."

ಹೆಂಗಸರು ನಗುತ್ತಿದ್ದಾಗ ಹಿಂದಿನಿಂದ ಸಣ್ಣ ಧ್ವನಿ ಬಂತು. "ಬೆಲ್ಲ ನಾ ತಿಂದ್ನಿ."

ಅವ್ವ ತಿರುಗಿದಳು. "ಹಸದಿದ್ದಿ?"

"ಹೂಂ."

"ನನಗ ಹೇಳಬಾರದಾಗಿತ್ತ?"

"ನೀ ಗಂಟ ಕಟ್ಟಾಕತ್ತಿದ್ದಿ."

ಅವ್ವ ಅವಳನ್ನು ಎಳೆದು ತೊಡೆಯ ಮೇಲೆ ಹಾಕಿಕೊಂಡು ಅಳಲು ಶುರುಮಾಡಿದಳು. ಹುಡುಗಿ ಅವಳ ತೋಳಿನ ಮೇಲಿಂದ ಕಾಕೂನನ್ನೇ ನೋಡುತ್ತ, "ನಿಮ್ಮ ಆಡ ನನ್ನಿಂದ ಸತ್ತೈತ್ರಿ," ಎಂದಳು.

ಕಾಕೂ ಎಲೆ ಅಡಿಕೆಯ ಚೀಲ ಬಿಚ್ಚಿದಳು, ಮತ್ತೆ ಕಟ್ಟಿದಳು. "ನಿನ್ನಿಂದ ಅಲ್ಲವ್ವ. ನಾ ಹಗ್ಗ ಬಿಚ್ಚಲಿಲ್ಲ. ಅಡಗಿ ಪಾತ್ರಿ ಎತ್ತಿಡ್ಕೋತ ಮರತ ಹೋದ್ನಿ. ಮಂದಿಗೆ ಹಗ್ಗ ಹರಕೊಂಡ ಹೋತು ಅಂತ ಹೇಳೇನಿ." ನಂತರ ಸ್ವಲ್ಪ ಗಟ್ಟಿಯಾಗಿ ಹೇಳಿದಳು: "ಒಂದ ಹೆಂಟಿ ಬೆಲ್ಲಕ್ಕ ಸಿಟ್ಟಾಗ್ಲಿಕ್ಕೆ ಮಾಯಿ ಏನ ನನ್ನ ನಾದಿನೀನ?"

ಹುಡುಗಿ ಪೂರ್ತಿ ನಂಬಿದಳೆಂದು ನಾನು ಹೇಳಲಾರೆ. ಆದರೆ ಅವತ್ತು ಅವ್ವ ನೀರು ತರಲು ನಳದವರೆಗೆ ಹೋದಾಗ, ಸೆರಗು ಹಿಡಿಯದೆ, ಕಟ್ಟೆಯ ಮೇಲೆ ನಿಂತು ಅವಳು ಬರುವವರೆಗೆ ನೋಡಿದಳು. ಮರುವಾರ ಕಾಕೂನ ಕೈ ಹಿಡಿದು ಶಾಲೆಯ ಗೇಟಿಗೆ ಬಂದಳು. ನಡುನಡುವೆ ಅತ್ತಳು, ಎರಡು ದಿನ ತಪ್ಪಿಸಿದಳು, ಮತ್ತೆ ಬಂದಳು. ದೀಪಾವಳಿ ಮುಗಿಯಿತು. ಊರಿಗೆ ಬಿಡುವ ಮಾತನ್ನು ಅವ್ವ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಯೋಜನೆ ಮುಗಿಯುವ ದಿನ ಕೊನೆಯ ಹಾಳೆ ತುಂಬಬೇಕಿತ್ತು. ನೀರಿನ ಭಯ ಎಷ್ಟು ಎಂದು ಈ ಸಲ ಕನ್ನಡದಲ್ಲಿ ಕೇಳಿದೆ. ಅವಳು ನನ್ನ ಹುಬ್ಬು ನೋಡದೆ "ಹತ್ತು. ಮಳಿಗಾಲ ಮತ್ತ ಬರ್ತೈತಲ್ರಿ" ಎಂದಳು. ಹತ್ತು ಎಂದೇ ಬರೆದೆ. ಸಾಹೇಬರು ಹಾಳೆ ನೋಡಿ ಸಿಡುಕಿದರು. ಎಂಟರಿಂದ ಶುರುವಾಗಿ ಹತ್ತಕ್ಕೆ ಮುಗಿದರೆ ಇದನ್ನು ಚಿಕಿತ್ಸೆ ಎನ್ನುತ್ತಾರೆಯೇ ಎಂದು ಕೇಳಿದರು. ಮೊದಲಿನ ಎಂಟು ಸುಳ್ಳು, ಈ ಹತ್ತು ನಿಜ, ಹುಡುಗಿ ದಿನಾ ಶಾಲೆಗೆ ಬರುತ್ತಾಳೆ, ಭಯದ ಮನೆಯಲ್ಲಿ ನಾನು ಬರೆದದ್ದೇ ತಪ್ಪು ಎಂದು ಎಷ್ಟು ಹೇಳಿದರೂ ಅವರ ತಲೆಗೆ ಹೋಗಲಿಲ್ಲ. ಗೋಡೆಗೆ ಹೇಳಿದ್ದರೆ ಸುಣ್ಣವಾದರೂ ಉದುರುತ್ತಿತ್ತು. ಅವಳ ಹಾಳೆಯ ಮೇಲೆ 'ಸುಧಾರಣೆ ಇಲ್ಲ' ಎಂದು ಕೆಂಪು ಶಾಯಿಯಲ್ಲಿ ಬರೆದರು. ಅದನ್ನು ನೆನೆದರೆ ಇವತ್ತಿಗೂ ನನಗೆ ಅನ್ನ ಸೇರುವುದಿಲ್ಲ.

ಮುಂದಿನ ಮಳೆಗಾಲ ಬಂತು. ಒಂದು ವಾರ ಬಿಡದೆ ಸುರಿದು, ಹೊಳೆ ಘಾಟಿನ ಮೆಟ್ಟಿಲುಗಳನ್ನು ಒಂದೊಂದಾಗಿ ನುಂಗುತ್ತ ಮೇಲೆ ಬಂತು. ಶಾಲೆಗೆ ರಜೆ ಕೊಟ್ಟರು. ನಾನು ಮನೆಗೆ ಹೋಗದೆ ನೇರ ಆ ಓಣಿಗೆ ಹೋದೆ. ಜನ ಗಂಟು ಕಟ್ಟುತ್ತಿದ್ದರು. ಓಣಿಯ ಬಾಯಲ್ಲಿ ಕೆಂಪು ನೀರು, ಅದರ ಅಂಚಿನಲ್ಲಿ ಕೊಡೆ ಹಿಡಿದ ಹೆಂಗಸರು. ನಡುವೆ ಆ ಹುಡುಗಿ ನಿಂತಿದ್ದಳು, ಕೈಯಲ್ಲಿ ಉಡಿಯ ತಟ್ಟೆ. ಕೊಡಿ ಎಂದು ತಾನೇ ಇಸಿದುಕೊಂಡಳಂತೆ.

ನನ್ನನ್ನು ನೋಡಿ ಹತ್ತಿರ ಬಂದಳು. ಎಲ್ಲರ ಎದುರಿಗೆ ತಟ್ಟೆಯಿಂದ ಬೆಲ್ಲದ ಹೆಂಟೆ ತೆಗೆದು, ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಕಾಕೂ ತನ್ನ ಕೊಡೆಯನ್ನು ಅವಳ ತಲೆಯ ಮೇಲೆ ಸರಿಸಿ ಹಿಡಿದಳು. ಇನ್ನೊಂದು ಚೂರು ಮುರಿದು ನನ್ನ ಕೈಗೆ ಕೊಟ್ಟಳು.

"ತಿನ್ರಿ ಮೇಡಮ್."

ನಾನು ಕೈಯಲ್ಲೇ ಹಿಡಿದು ನಿಂತೆ. ಬೆಲ್ಲಕ್ಕೂ ನೀರಿಗೂ ಸಂಬಂಧವಿಲ್ಲ ಎಂದು ಅವಳಿಗೆ ಪಾಠ ಹೇಳಿದವಳು ನಾನೇ. ಆದರೆ ನೀರು ನನ್ನ ಚಪ್ಪಲಿಯ ತುದಿಗೆ ಬಂದು ಮುಟ್ಟುತ್ತಿತ್ತು, ಬಾಯಿ ತೆರೆಯಲಿಲ್ಲ. ಇವತ್ತೊಂದು ದಿನ ಬೇಡ, ನೀರು ಇಳಿದ ಮೇಲೆ ನೋಡೋಣ ಎಂದು ನನ್ನೊಳಗಿನಿಂದ ಯಾರೋ ಹೇಳುತ್ತಿದ್ದರು. ಅವಳು ನನ್ನ ಹುಬ್ಬನ್ನೇ ನೋಡುತ್ತಿದ್ದಳು, ಮೊದಲಿನ ಹಾಗೆ.

"ನಿಮ್ಮ ಅಂಜಿಕಿ ಎಷ್ಟೈತ್ರಿ? ಹತ್ತರಾಗ."

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಎಂಟು," ಎಂದೆ.

"ನಂದ ಒಂಬತ್ತೈತಿ," ಎಂದಳು. "ನಾ ತಿಂದ್ನಿ."

ನಾನು ಬೆಲ್ಲ ಬಾಯಿಗೆ ಹಾಕಿಕೊಂಡೆ. ಅದು ನನ್ನ ಗಂಟಲಿನಿಂದ ಇಳಿಯುವವರೆಗೆ ಅವಳು ನೋಡಿದಳು. ಆಮೇಲೆ ತಿರುಗಿ, ಅವ್ವ ಎಲ್ಲಿದ್ದಾಳೆಂದು ಹುಡುಕದೆ, ತಟ್ಟೆಯನ್ನು ಕಾಕೂನ ಕೈಗೆ ಕೊಟ್ಟು, ಗಂಟು ಹೊರಲು ಮನೆಗೆ ಹೋದಳು.